ಪಿಟ್‌ಬುಲ್ ಸಾಕುವುದನ್ನು ನಿಷೇಧಿಸಬೇಕಾ? ಒಂದೇ ನಾಯಿ, ಎರಡು ಮಾತು

ಪರ: ಅಕ್ಕ ಬರೆದದ್ದು

ನನಗೆ ನಾಯಿ ಕಂಡರೆ ಆಗಲ್ಲ ಅಂತ ಯಾರೂ ಅಂದುಕೊಳ್ಳಬೇಡಿ. ತಿಪಟೂರಿನ ಹತ್ತಿರದ ನಮ್ಮ ತೋಟದ ಮನೆಯಲ್ಲಿ ಭೀಮನ ಜೊತೆಗೇ ಬೆಳೆದವಳು ನಾನು. ನಾನು ಎಂಟನೇ ಕ್ಲಾಸಿನಲ್ಲಿದ್ದಾಗ ಅಪ್ಪ ಅದನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ತಂದರು. ತೋಟದಲ್ಲಿ ಕಾಯಿ ಕಳ್ಳತನ ಜಾಸ್ತಿಯಾಗಿತ್ತು. ಜೋರು ನಾಯಿ ಬೇಕಿತ್ತು. ಪರಿಚಯದವರೊಬ್ಬರ ಮನೆಯಲ್ಲಿ ಪಿಟ್‌ಬುಲ್ ಮರಿ ಹಾಕಿತ್ತು. ಅಷ್ಟೇ, ಹಿಂದೆ ಮುಂದೆ ಯಾರೂ ಯೋಚಿಸಲಿಲ್ಲ.

ಸಂಜೆ ನಾನು ಜಗಲಿ ಮೇಲೆ ಕೂತು ಮಗ್ಗಿ, ಪದ್ಯ ಉರು ಹೊಡೆಯುತ್ತಿದ್ದರೆ ಭೀಮ ಬಂದು ಮಡಿಲಲ್ಲಿ ತಲೆ ಇಡುತ್ತಿದ್ದ. ಗೊರಕೆ ಬೇರೆ. ಅಷ್ಟು ಪಾಪದ ಮುಖ ಇನ್ನೊಂದಿಲ್ಲ.

ಅವನಿಗೆ ಎರಡು ವರ್ಷ ತುಂಬಿದ್ದಾಗ ಒಂದು ಭಾನುವಾರ ಪಕ್ಕದ ತೋಟದವರ ಮೇಕೆಮರಿ ಬೇಲಿ ನುಸುಳಿ ಬಂತು. ಭೀಮ ಬೊಗಳಲಿಲ್ಲ. ಇವತ್ತಿಗೂ ನನಗೆ ನೆನಪಿರುವುದು ಅದೇ. ಸದ್ದಿಲ್ಲದೆ ಹೋಗಿ ಕತ್ತು ಹಿಡಿದ. ಅಪ್ಪ ಒಂದು ಕೊಡ ನೀರು ಸುರಿದರು, ಬಿಡಲಿಲ್ಲ. ದೊಣ್ಣೆಯಲ್ಲಿ ಹೊಡೆದರು, ಇನ್ನೂ ಬಿಗಿಯಾಗಿ ಹಿಡಿದ. ಕೊನೆಗೆ ಕೆಲಸದಾಳು ತೆಂಗಿನ ಮಟ್ಟೆಯ ಸೀಳನ್ನು ಹಲ್ಲಿನ ಸಂದಿಗೆ ತೂರಿಸಿ ತಿರುಚಿದ ಮೇಲೆ ಬಾಯಿ ಸಡಿಲವಾಯಿತು. ಮರಿ ಅಷ್ಟೊತ್ತಿಗೆ ಸತ್ತಿತ್ತು. ಭೀಮ ಬಾಲ ಅಲ್ಲಾಡಿಸುತ್ತಾ ಬಂದು ನನ್ನ ಕೈ ನೆಕ್ಕಿದ.

ಈ ನಾಯಿಯ ದವಡೆಗೆ ಬೀಗ ಬೀಳುತ್ತದೆ ಅಂತ ಜನ ಹೇಳುತ್ತಾರಲ್ಲ, ಅದು ಸುಳ್ಳು. ದವಡೆ ಎಲ್ಲ ನಾಯಿಗಳದ್ದೂ ಒಂದೇ ಥರ. ಬಿಡದೇ ಇರುವುದು ಅದರ ಮನಸ್ಸು. ಇಂಗ್ಲೆಂಡಿನಲ್ಲಿ ಕಟ್ಟಿಹಾಕಿದ ಗೂಳಿಯ ಮೇಲೆ ನಾಯಿ ಛೂ ಬಿಡುವ ಆಟವಿತ್ತು. 1835ರಲ್ಲಿ ಕಾನೂನು ಅದನ್ನು ನಿಲ್ಲಿಸಿತು. ಜನ ಸುಮ್ನೆ ಕೂರಲಿಲ್ಲ. ಆ ಆಟದ ಬುಲ್‌ಡಾಗ್‌ಗೆ ಟೆರಿಯರ್ ಅನ್ನುವ ಚುರುಕಿನ ಬೇಟೆ ನಾಯಿ ಕೂಡಿಸಿ, ಗುಂಡಿಯೊಳಗೆ ನಾಯಿ ನಾಯಿಗಳನ್ನೇ ಕಾದಾಡಿಸಿದರು. ಹೆಸರಿನಲ್ಲಿರುವ ‘ಪಿಟ್’ ಆ ಗುಂಡಿಯೇ. ಹಿಡಿದದ್ದನ್ನು ಬಿಡದ ನಾಯಿಯನ್ನೇ ಆರಿಸಿ ಆರಿಸಿ ಮರಿ ಮಾಡಿಸಿದರು. ಮೊಲದ ಹಿಂದೆ ಓಡು ಅಂತ ನಮ್ಮ ಮುಧೋಳ ನಾಯಿಗೆ ಯಾರಾದರೂ ಹೇಳಿಕೊಡುತ್ತಾರಾ?

2022ರ ಜುಲೈನಲ್ಲಿ ಲಖನೌದಲ್ಲಿ ಎಂಬತ್ತು ದಾಟಿದ ಅಜ್ಜಿಯೊಬ್ಬರು ಪಿಟ್‌ಬುಲ್ ಬಾಯಿಗೆ ಸಿಕ್ಕಿ ತೀರಿಕೊಂಡರು. ಅದು ಬೀದಿ ನಾಯಿಯಲ್ಲ, ಅವರ ಮನೆಯದ್ದೇ. ಅದೇ ವರ್ಷ ಗಾಜಿಯಾಬಾದ್ ಪಾಲಿಕೆ ಈ ತಳಿ ಬೇಡ ಅಂದಿತು. ಬ್ರಿಟನ್ 1991ರಲ್ಲೇ ಪಿಟ್‌ಬುಲ್ ನಿಷೇಧಿಸಿದೆ. 2024ರ ಫೆಬ್ರವರಿಯಿಂದ ಇಂಗ್ಲೆಂಡ್, ವೇಲ್ಸ್‌ಗಳಲ್ಲಿ ವಿನಾಯಿತಿ ಪತ್ರವಿಲ್ಲದೆ ಅದರ ದೈತ್ಯ ಸಂಬಂಧಿ ಎಕ್ಸ್‌ಎಲ್ ಬುಲ್ಲಿ ಸಾಕುವುದೂ ಅಪರಾಧ.

ಚೆನ್ನಾಗಿ ಸಾಕಿದರೆ ಏನೂ ಆಗಲ್ಲ ಅನ್ನುತ್ತಾರೆ. ಇರಬಹುದು. ಹಾಗೆ ಸಾಕುವವರನ್ನು ನಾನೂ ನೋಡಿದ್ದೇನೆ. ಆದರೆ ಕಾನೂನು ಬರೆಯಬೇಕಾದ್ದು ನಮ್ಮಂಥ ಮನೆಗಳಿಗೆ. ನಾವು ಕೆಟ್ಟವರಾಗಿರಲಿಲ್ಲ. ಕೆಲಸ ಜಾಸ್ತಿ, ಗಮನ ಕಡಿಮೆ, ಅಷ್ಟೇ. ಬೇರೆ ನಾಯಿಯ ವಿಷಯದಲ್ಲಿ ಮರೆತರೆ ಹೆಚ್ಚಿನ ಸಲ ಒಂದು ಕಚ್ಚು, ಒಂದಷ್ಟು ಇಂಜೆಕ್ಷನ್ನು. ಇದರ ವಿಷಯದಲ್ಲಿ ಮರೆತರೆ ಜೀವವೇ ಹೋಗಬಹುದು. ಆ ದಿನ ಬೇಲಿ ನುಸುಳಿದ್ದು ಮೇಕೆಮರಿ. ಪಕ್ಕದ ಮನೆಯ ಮೂರು ವರ್ಷದ ಹುಡುಗನೂ ಅದೇ ಸಂದಿಯಲ್ಲಿ ಬರುತ್ತಿದ್ದ.

ಇರುವ ನಾಯಿಗಳನ್ನು ಕೊಲ್ಲಿ ಅಂತ ನಾನು ಹೇಳುತ್ತಿಲ್ಲ. 2024ರಲ್ಲಿ ಕೇಂದ್ರ ಹೊರಡಿಸಿದ ಸುತ್ತೋಲೆಯೂ ಹೇಳಿರಲಿಲ್ಲ. ಆಮದು ಬೇಡ, ಮರಿ ಮಾಡಿಸುವುದು ಬೇಡ, ಮಾರುವುದು ಬೇಡ, ಇರುವುದಕ್ಕೆ ಮರಿಯಾಗದಂತೆ ಆಪರೇಷನ್ ಮಾಡಿಸಿ ಅಂತಿತ್ತು. ಇರುವವು ನೆಮ್ಮದಿಯಾಗಿ ಬದುಕಲಿ, ಹೊಸದು ಬೇಡ. ಇದರಲ್ಲಿ ಕ್ರೌರ್ಯ ಎಲ್ಲಿದೆ?

ವಿರೋಧ: ತಮ್ಮ ಬರೆದದ್ದು

ಅಕ್ಕ ಒಂದು ವಿಷಯ ಬಿಟ್ಟಿದ್ದಾಳೆ. ನನ್ನ ಮುಖ ನೋಡಿ ಬಿಟ್ಟಿರಬೇಕು. ಆ ಭಾನುವಾರ ಭೀಮನಿಗೆ ಊಟ ಹಾಕಿ, ಚೈನಿನ ಕೊಂಡಿ ಸರಿಯಾಗಿ ಸಿಗಿಸದೆ ಕ್ರಿಕೆಟ್ಟಿಗೆ ಓಡಿದವನು ನಾನು.

ಇನ್ನೂ ಕೆಲವು ಹೇಳಬೇಕು. ಭೀಮನ ಚೈನು ಹತ್ತಡಿ ಇತ್ತು. ಬೆಳಗಿನಿಂದ ಸಂಜೆವರೆಗೆ ಅದೇ ತೆಂಗಿನ ಮರ. ಮರದ ಸುತ್ತ ನೆಲ ತಟ್ಟೆಯಂತೆ ಗುಂಡಗೆ ಬೋಳಾಗಿತ್ತು, ಮಳೆಗಾಲದಲ್ಲೂ ಅಲ್ಲಿ ಹುಲ್ಲು ಹುಟ್ಟುತ್ತಿರಲಿಲ್ಲ. ಎರಡು ವರ್ಷದಲ್ಲಿ ಒಂದು ದಿನವೂ ಅವನನ್ನು ಯಾರೂ ವಾಕಿಂಗ್ ಕರೆದುಕೊಂಡು ಹೋಗಲಿಲ್ಲ. ಮನೆಗೆ ಯಾರಾದರೂ ಬಂದರೆ ಒಂದು ಆಟ ಇತ್ತು. ಹುಣಸೆ ಕೊಂಬೆಗೆ ಗೋಣಿಚೀಲ ಕಟ್ಟಿ ‘ಹಿಡಿ ಭೀಮಾ’ ಅನ್ನುವುದು. ಅವನು ಎಗರಿ ಕಚ್ಚಿ ಹಿಡಿದು ನೇತಾಡುತ್ತಿದ್ದ. ಎಷ್ಟು ಹೊತ್ತು ನೇತಾಡುತ್ತಾನೆ ಅಂತ ಚಿಕ್ಕಪ್ಪ ಗಡಿಯಾರ ನೋಡಿ ಎಣಿಸುತ್ತಿದ್ದರು. ನಾವು ಚಪ್ಪಾಳೆ ಹೊಡೆಯುತ್ತಿದ್ದೆವು. ಅಕ್ಕನೂ ಹೊಡೆದಿದ್ದಾಳೆ. ಬಿಡದೇ ಇರುವುದಕ್ಕೇ ಶಾಭಾಸ್ ಅನ್ನುತ್ತಿದ್ದ ಮನೆ ನಮ್ಮದು.

ತಳಿಗೆ ಯಾವ ಪಾತ್ರವೂ ಇಲ್ಲ ಅನ್ನಲಾರೆ. ಮುಧೋಳದ ಮಾತು ಒಪ್ಪುತ್ತೇನೆ. ಆದರೆ 2022ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ದೊಡ್ಡ ಅಧ್ಯಯನವೊಂದು 18,000ಕ್ಕೂ ಹೆಚ್ಚು ನಾಯಿಗಳ ಸ್ವಭಾವದ ಬಗ್ಗೆ ಸಾಕಿದವರನ್ನು ಕೇಳಿತು, ಎರಡು ಸಾವಿರಕ್ಕೂ ಹೆಚ್ಚು ನಾಯಿಗಳ ಡಿಎನ್‌ಎ ನೋಡಿತು. ನಾಯಿ ನಾಯಿಗಳ ನಡುವಿನ ಸ್ವಭಾವದ ವ್ಯತ್ಯಾಸದಲ್ಲಿ ತಳಿಯಿಂದ ವಿವರಿಸಬಹುದಾದದ್ದು ಸುಮಾರು ಶೇ 9 ಮಾತ್ರ. ಅಮೆರಿಕದ ಫುಟ್‌ಬಾಲ್ ಆಟಗಾರ ಮೈಕಲ್ ವಿಕ್ ಅವರ ಕಾದಾಟದ ಅಡ್ಡೆಯಿಂದ 2007ರಲ್ಲಿ ಸುಮಾರು 50 ಪಿಟ್‌ಬುಲ್‌ಗಳನ್ನು ವಶಪಡಿಸಿಕೊಂಡರು. ಇವನ್ನು ಸಾಯಿಸುವುದೇ ಸರಿ ಅಂದವರಿದ್ದರು. ಬಹುಪಾಲು ನಾಯಿಗಳು ಬದುಕಿದವು. ಎಷ್ಟೋ ನಾಯಿಗಳು ಮಕ್ಕಳಿರುವ ಮನೆ ಸೇರಿ ಸೋಫಾ ಮೇಲೆ ಮಲಗಿದವು. ಕಾದಾಟಕ್ಕೇ ಬೆಳೆಸಿದ ನಾಯಿಗಳು ಅವು, ನೆನಪಿರಲಿ.

ಅಕ್ಕ ಹೇಳಿದ ಸುತ್ತೋಲೆಯ ಪಟ್ಟಿಯನ್ನು ನಾನು ಓದಿದ್ದೇನೆ. 2024ರ ಮಾರ್ಚ್ 12ರದ್ದು, 23 ತಳಿ. ಜಪಾನಿನ ಟೋಸಾ ಅದರಲ್ಲಿ ಎರಡು ಹೆಸರಲ್ಲಿ ಎರಡು ಸಲ ಬಂದಿದೆ. ‘ಟೆರಿಯರ್‌ಗಳು’ ಅಂತ ಒಟ್ಟಾರೆ ಒಂದು ಸಾಲಿದೆ. ಅಂದರೆ ಬ್ಯಾಗಿನಲ್ಲಿ ಹಾಕಿಕೊಂಡು ಓಡಾಡುವ ಪುಟ್ಟ ಯಾರ್ಕ್‌ಶೈರ್ ಟೆರಿಯರ್ ಕೂಡ ಭಯಂಕರ ನಾಯಿ! ಸಂಬಂಧಪಟ್ಟವರನ್ನು ಕೇಳದೆ ಹೊರಡಿಸಿದ್ದು ಅಂತ ಏಪ್ರಿಲ್ 10ರಂದು ಕರ್ನಾಟಕ ಹೈಕೋರ್ಟ್ ಅದನ್ನು ರದ್ದು ಮಾಡಿತು. ನೆದರ್ಲೆಂಡ್ಸ್ 1993ರಲ್ಲಿ ಪಿಟ್‌ಬುಲ್ ನಿಷೇಧಿಸಿ, ಕಚ್ಚುವುದೇನೂ ಕಡಿಮೆಯಾಗಲಿಲ್ಲ ಅಂತ 2008ರಲ್ಲಿ ಕೈಬಿಟ್ಟಿತು. ಅಮೆರಿಕದ ಡೆನ್ವರ್ ನಗರದಲ್ಲಿ 1989ರಿಂದ ಇದ್ದ ನಿಷೇಧವನ್ನು 2020ರಲ್ಲಿ ಜನರೇ ವೋಟು ಹಾಕಿ ತೆಗೆದರು. ಪರ್ಮಿಟ್ ಪಡೆದು ಸಾಕಿ ಅಂದರು.

ನಮ್ಮಂಥ ಮನೆಗೆ ಕಾನೂನು ಬೇಕು ಅನ್ನುತ್ತಾಳಲ್ಲ, ಅದು ಸರಿ. ಪಿಟ್‌ಬುಲ್ ಸಿಗದಿದ್ದರೆ ಅಪ್ಪ ಏನು ಮಾಡುತ್ತಿದ್ದರು? ಪಟ್ಟಿಯಲ್ಲಿಲ್ಲದ ಇನ್ನೊಂದು ಜೋರು ನಾಯಿ ತಂದು ಅದೇ ಮರಕ್ಕೆ ಕಟ್ಟುತ್ತಿದ್ದರು. ಅದಕ್ಕೂ ಗೋಣಿಚೀಲವೇ ಆಟ. ಬೇಲಿ ಎಷ್ಟೆತ್ತರ, ದಿನಾ ನಡೆಸುವವರು ಯಾರು, ಮನೆಯಲ್ಲಿ ಚಿಕ್ಕ ಮಕ್ಕಳಿದ್ದಾರಾ ಅಂತ ಮರಿ ಕೊಟ್ಟವರು ಕೇಳಲಿಲ್ಲ. ಕೇಳಲೇಬೇಕು ಅನ್ನುವ ನಿಯಮ ಬರಲಿ. ಹೊರಗೆ ಕರೆದೊಯ್ಯುವಾಗ ಎತ್ತಿಗೆ ಹಾಕುವ ಕುಕ್ಕೆಯ ಥರ ಬಾಯಿಗೊಂದು ಮಝಲ್ ಇರಲಿ. ಆಪರೇಷನ್ ಕಡ್ಡಾಯವಾಗಲಿ, ಇದರಲ್ಲಿ ಅಕ್ಕನ ಜೊತೆ ನನಗೆ ಜಗಳವಿಲ್ಲ. ಈಗಿನ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಂ ಪ್ರಕಾರ ಸಾಕುಪ್ರಾಣಿಯ ವಿಷಯದಲ್ಲಿ ನಿರ್ಲಕ್ಷ್ಯ ಮಾಡಿದವರಿಗೆ ಆರು ತಿಂಗಳವರೆಗೆ ಜೈಲು, ಇಲ್ಲವೇ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಪಿಟ್‌ಬುಲ್ ಮರಿಯ ಬೆಲೆಯೇ ಅದಕ್ಕಿಂತ ಜಾಸ್ತಿ. ಅದನ್ನು ಏರಿಸಿ.

ಮೇಕೆಮರಿ ಸತ್ತ ಮೇಲೆ ಏನಾಯಿತು ಅನ್ನುವುದನ್ನೂ ಅಕ್ಕ ಬರೆದಿಲ್ಲ. ಅಪ್ಪ ಪಕ್ಕದವರಿಗೆ ದುಡ್ಡು ಕೊಟ್ಟು ಕೈಮುಗಿದರು. ಮೂರನೇ ದಿನ ರಾತ್ರಿ ಯಾರೋ ಟೆಂಪೋ ತಂದರು. ಫಾರ್ಮ್‌ಹೌಸಿಗೆ ಒಳ್ಳೆ ನಾಯಿ ಬೇಕಿತ್ತಂತೆ. ಭೀಮ ಬಾಲ ಅಲ್ಲಾಡಿಸಿಕೊಂಡೇ ಹತ್ತಿದ, ಕೊನೆಗೂ ವಾಕಿಂಗ್ ಕರೆದುಕೊಂಡು ಹೋಗುತ್ತಿದ್ದಾರೆ ಅಂದುಕೊಂಡನೋ ಏನೋ. ಅವನು ಏನು ಮಾಡಿದ್ದ ಅಂತ ನಾವು ಅವರಿಗೆ ಹೇಳಲಿಲ್ಲ. ಅವರ ಮನೆಯಲ್ಲಿ ಮಕ್ಕಳಿದ್ದಾರಾ ಅಂತ ನಾವೂ ಕೇಳಲಿಲ್ಲ. ಟೆಂಪೋ ನಂಬರ್ ಕೂಡ ಯಾರೂ ಬರೆದುಕೊಳ್ಳಲಿಲ್ಲ.