ನಿಂಜಾಗಳು ಬೇಕಾಗಿದ್ದಾರೆ, ನಾಟಿ ಗೊತ್ತಿದ್ದವರಿಗೆ ಆದ್ಯತೆ

ಮೊನ್ನೆ ರಾತ್ರಿ ಹತ್ತೂವರೆಗೆ ಅಕ್ಕನ ಮಗ ಫೋನ್ ಮಾಡಿದ. ‘ಮಾವ, ಜಪಾನಲ್ಲಿ ನಿಂಜಾ ಕೆಲ್ಸ ಖಾಲಿ ಇದೆಯಂತೆ. ವರ್ಷಕ್ಕೆ 85 ಸಾವಿರ ಡಾಲರ್. ಅರ್ಜಿ ಹಾಕ್ಲಾ?’

ಹುಡುಗ ಬಿ.ಇ. ಮುಗಿಸಿ ಎರಡು ವರ್ಷ ಆಯಿತು. ಲಿಫ್ಟ್ ಕೆಟ್ಟರೆ ಎರಡನೇ ಮಹಡಿಗೆ ಹತ್ತುವ ಬದಲು ಕೆಳಗೇ ಕೂತು ರಿಪೇರಿಯವನ ದಾರಿ ಕಾಯುವ ಜಾತಿ. ನಿಂಜಾ ಅಂದರೆ ಹಳೇ ಕಾಲದ ಜಪಾನಿನ ಬೇಹುಗಾರ. ಅಂಥ ಗೋಡೆ ಹಾರುವ ಕೆಲಸಕ್ಕೆ ಹೊರಟಿದ್ದಾನೆ.

ಈ ಸುದ್ದಿ ನಿಮ್ಮ ವಾಟ್ಸಾಪಿಗೂ ಬಂದಿರುತ್ತದೆ. ಇದಕ್ಕೆ ಸಾವಿಲ್ಲ. 2018ರಲ್ಲಿ ಅಮೆರಿಕದ ಒಂದು ಕಾರ್ಯಕ್ರಮದಲ್ಲಿ ಜಪಾನಿನ ಇಗಾ ಎಂಬ ಊರಿನ ಮಾತು ಬಂತು. ನಿಂಜಾ ವೇಷ ಹಾಕಿ ಪ್ರವಾಸಿಗರಿಗೆ ಆಟ ತೋರಿಸುವವರು ಸಾಲುತ್ತಿಲ್ಲ, ಇಷ್ಟರಿಂದ ಇಷ್ಟರವರೆಗೆ ಸಂಬಳ ಸಿಗಬಹುದು ಅಂದರು. ಅಷ್ಟೇ ಅಂದದ್ದು. ವಾರ ಕಳೆಯುವುದರೊಳಗೆ ಅದು ‘ನಗರಸಭೆಯಿಂದ ನಿಂಜಾ ನೇಮಕಾತಿ’ ಆಗಿಹೋಯಿತು. ದೇಶದೇಶಗಳಿಂದ ವಿಚಾರಣೆ ಶುರುವಾಯಿತು. ಕೊನೆಗೆ ನಗರಸಭೆಯೇ ‘ದಯವಿಟ್ಟು ನಂಬಬೇಡಿ, ನಾವು ಯಾರನ್ನೂ ತಗೊಳ್ತಿಲ್ಲ’ ಅಂತ ಹಲವು ಭಾಷೆಗಳಲ್ಲಿ ಪ್ರಕಟಣೆ ಹೊರಡಿಸಬೇಕಾಯಿತು.

ಆ ಅರ್ಜಿಗಳನ್ನು ಒಮ್ಮೆ ಓದಬೇಕಿತ್ತು ಅಂತ ನನಗೆ ಆಸೆ. ಅನುಭವ: ಗುಟ್ಟು. ಹಿಂದಿನ ಮಾಲೀಕರ ಹೆಸರು: ಹೇಳುವಂತಿಲ್ಲ. ನನ್ನ ಕೇಳಿದರೆ, ಅರ್ಜಿ ಬಂದು ಮೇಜಿನ ಮೇಲೆ ಕೂತದ್ದು ಯಾರಿಗೂ ಗೊತ್ತಾಗದೇ ಇದ್ದರೆ ಅವನಿಗೆ ಕೆಲಸ ಕೊಡಬಹುದು. ಅಂಚೆಯಲ್ಲಿ ಬಂದವೆಲ್ಲ ಅಲ್ಲೇ ಫೇಲು.

ಹಾಗಂತ ಜನರನ್ನೇ ಬೈಯುವುದೂ ತಪ್ಪು. 2017ರ ಫೆಬ್ರುವರಿ 22ರಂದು ಇಗಾ ತನ್ನನ್ನು ತಾನೇ ‘ನಿಂಜಾ ನಗರ’ ಅಂತ ಘೋಷಿಸಿಕೊಂಡಿತ್ತು. ಜಪಾನಿನಲ್ಲಿ ಎರಡಕ್ಕೆ ‘ನಿ’ ಅನ್ನುತ್ತಾರೆ. ಎರಡನೇ ತಿಂಗಳು, ಇಪ್ಪತ್ತೆರಡನೇ ತಾರೀಖು. ನಿ ನಿ ನಿ, ಅಂದರೆ ನಿನ್ ನಿನ್ ನಿನ್, ಅಂದರೆ ನಿಂಜಾ ದಿನ. ಇಷ್ಟು ಗಟ್ಟಿ ಆಧಾರ ನಮ್ಮ ಪಂಚಾಂಗದವರಿಗೂ ಸಿಗಲ್ಲ. ಎರಡು ವರ್ಷ ಬಿಟ್ಟು ಅದೇ ದಿನ ಅಲ್ಲಿನ ರೈಲು ನಿಲ್ದಾಣಕ್ಕೆ ‘ನಿಂಜಾ ನಗರ ನಿಲ್ದಾಣ’ ಅಂತ ಅಡ್ಡಹೆಸರಿಟ್ಟರು. ರೈಲಿನ ಮುಖದ ಮೇಲೂ ದೊಡ್ಡ ಕಣ್ಣು ಬಿಟ್ಟ ನಿಂಜಾ. ನಗರಸಭೆ ಸದಸ್ಯರು ನಿಂಜಾ ವೇಷದಲ್ಲೇ ಸಭೆಗೆ ಬಂದು ಕೂತದ್ದೂ ಉಂಟು. ಇದು ನನಗೆ ಬಹಳ ಹಿಡಿಸಿತು. ತೆರಿಗೆ ಏರಿಸಲು ಕೈ ಎತ್ತಿದವನು ಯಾರು ಅಂತ ಗುರುತೇ ಹತ್ತಬಾರದು ನೋಡಿ.

ಇಗಾದ ಜೊತೆ ನನಗೆ ಸ್ವಂತ ಪರಿಚಯವೂ ಇದೆ, ಹಲ್ಲಿನ ಮೂಲಕ. ಒಸಾಕಾದಲ್ಲಿರುವ ಗೆಳೆಯನೊಬ್ಬ ರಜೆಗೆ ಬಂದಾಗ ಅಲ್ಲಿನ ತಿಂಡಿಯ ಒಂದು ಪೊಟ್ಟಣ ತಂದುಕೊಟ್ಟ. ಕತಯಾಕಿ ಅಂತ ಹೆಸರು, ಗೋಧಿ ಹಿಟ್ಟಿನ ಬಿಸ್ಕತ್ತು. ನಿಂಜಾಗಳು ಬುತ್ತಿ ಕಟ್ಟಿಕೊಂಡು ಹೋಗುತ್ತಿದ್ದರಂತೆ. ಜೊತೆಗೊಂದು ಪುಟ್ಟ ಮರದ ಸುತ್ತಿಗೆ ಇತ್ತು. ತಮಾಷೆಗೆ ಇಟ್ಟಿದ್ದಾರೆ ಅಂದುಕೊಂಡು ನೇರ ಕಚ್ಚಿದೆ. ತಮಾಷೆ ಅಲ್ಲ. ಬಾಯಲ್ಲಿ ಲಟಕ್ ಅಂದದ್ದು ಬಿಸ್ಕತ್ತಲ್ಲ. ಆಮೇಲೆ ಅದನ್ನು ಟವಲಿನಲ್ಲಿ ಸುತ್ತಿ, ಒರಳುಕಲ್ಲಿನ ಮೇಲಿಟ್ಟು, ಆ ಸುತ್ತಿಗೆಯಲ್ಲಿ ಬಡಿದೆವು. ಏಳನೇ ಏಟಿಗೆ ಮೂರು ಚೂರಾಯಿತು. ಒಂದನ್ನು ದವಡೆಗೆ ಒತ್ತರಿಸಿಕೊಂಡು ಕಾಲು ಗಂಟೆ ಚೀಪಿದ ಮೇಲೆ ಸಣ್ಣಗೆ ಸಿಹಿ ಬಂತು. ‘ಇದನ್ನ ಎಸೆದೇ ಶತ್ರೂನ ಕೊಂದಿರ್ತಾರೆ’ ಅಂದಳು ನಮ್ಮವಳು.

ಅಕ್ಕನ ಮಗನಿಗೆ ಈ ಇಗಾ ಬೇಕಿಲ್ಲ. ಅವನ ತಲೆಯಲ್ಲಿರುವುದು ಕಾರ್ಟೂನಿನ ನಿಂಜಾ ದೇಶಗಳು. ಒಂದೊಂದು ದೇಶಕ್ಕೂ ಒಂದೊಂದು ಅಡಗಿದ ಹಳ್ಳಿ, ಒಬ್ಬ ಯಜಮಾನ, ಹಣೆಗೆ ಕಟ್ಟುವ ಪಟ್ಟಿ. ಭತ್ತದ ಗದ್ದೆಗಳದ್ದೇ ಒಂದು ದೇಶ ಕೂಡ ಇದೆಯಂತೆ. ಅದರ ನಕ್ಷೆ ಅವನಿಗೆ ಬಾಯಿಪಾಠ. ಸ್ವಂತ ತಾತನ ಗದ್ದೆ ಹಳ್ಳದ ಈಚೆಗಿದೆಯೋ ಆಚೆಗಿದೆಯೋ ತಿಳಿಯದು. ನಾನೂ ಒಂದೆರಡು ಕಂತು ಪಕ್ಕ ಕೂತು ನೋಡಿದ್ದೇನೆ. ಹೆಸರಿಗೆ ಗದ್ದೆ ನಾಡು, ನಾಟಿ ಮಾಡುವವರು ಒಬ್ಬರೂ ಕಣ್ಣಿಗೆ ಬೀಳಲಿಲ್ಲ. ಕಳೆ ಕೀಳುವವರಿಲ್ಲ, ನೀರು ಕಟ್ಟುವವರಿಲ್ಲ. ಎಲ್ಲರೂ ಮರದಿಂದ ಮರಕ್ಕೆ ಹಾರುತ್ತಿರುತ್ತಾರೆ. ಊಟದ ಹೊತ್ತಿಗೆ ಬಟ್ಟಲಲ್ಲಿ ಅನ್ನ ಪ್ರತ್ಯಕ್ಷ.

ನಿಜವಾದ ನಿಂಜಾಗಳ ಕಥೆ ಇದಕ್ಕೆ ಉಲ್ಟಾ. ಇಗಾ ಸುತ್ತ ಗುಡ್ಡ, ನಡುವೆ ಗದ್ದೆ ಇರುವ ತಗ್ಗು ಪ್ರದೇಶ. ಅಲ್ಲಿ ದೊಡ್ಡ ದೊರೆ ಅಂತ ಯಾರೂ ಗಟ್ಟಿಯಾಗಿ ನಿಲ್ಲಲಿಲ್ಲ. ಸಣ್ಣಸಣ್ಣ ಹಿಡುವಳಿದಾರರು ಮನೆ ಸುತ್ತ ಮಣ್ಣಿನ ದಿಬ್ಬ ಎಬ್ಬಿಸಿಕೊಂಡು ತಮ್ಮತಮ್ಮ ಊರು ತಾವೇ ಕಾಯುತ್ತಿದ್ದರು. ಅಂಥ ಕೋಟೆಮನೆಗಳ ಕುರುಹು 600ಕ್ಕೂ ಜಾಸ್ತಿ ಸಿಕ್ಕಿವೆ. ಅವರೆಲ್ಲ ಸೇರಿ ಬರೆದುಕೊಂಡ ಕಟ್ಟಳೆಯ ಪತ್ರವೂ ಇದೆ. ಹೊರಗಿನವರು ನುಗ್ಗಿದರೆ ಊರೂರಲ್ಲಿ ಗಂಟೆ ಬಾರಿಸಬೇಕು, 17ರಿಂದ 50 ವರ್ಷದವರೆಲ್ಲ ಹೊರಡಬೇಕು. 1579ರಲ್ಲಿ, ಇಡೀ ದೇಶ ಗೆಲ್ಲಲು ಹೊರಟಿದ್ದ ದೊರೆ ಓದಾ ನೊಬುನಾಗನ ಮಗ ಅಪ್ಪನಿಗೆ ಹೇಳದೆ ದಂಡೆತ್ತಿ ಬಂದು ಏಟು ತಿಂದು ಹೋದ. ಎರಡು ವರ್ಷಕ್ಕೆ ಅಪ್ಪನೇ ದೊಡ್ಡ ಸೈನ್ಯ ಕಳಿಸಿ ಊರುಗಳನ್ನು ಸುಟ್ಟ. ಅಲ್ಲಿಗೆ ಮುಗಿಯಿತು. ಉಳಿದವರಲ್ಲಿ ಕೆಲವರು ಬೇರೆ ದೊರೆಗಳ ಚಾಕರಿಗೆ ಹೋದರು, ಕೆಲವರು ತಿರುಗಿ ಗದ್ದೆಗಿಳಿದರು.

ಆ ಕರಿ ಬಟ್ಟೆ ಕೂಡ ನಾಟಕದವರ ಕೊಡುಗೆ ಅನ್ನುತ್ತಾರೆ. ಕಾಬುಕಿ ರಂಗದಲ್ಲಿ ಪರಿಕರ ಎತ್ತಿಡುವವರು ಕಪ್ಪು ಉಡುತ್ತಿದ್ದರು, ಅವರು ಇದ್ದೂ ಇಲ್ಲ ಅಂತ ಪ್ರೇಕ್ಷಕರು ತಿಳಿಯಬೇಕು. ಬೇಹಿಗೆ ಹೋಗುವವನಿಗೆ ಅಂಥ ವೇಷ ಯಾಕೆ ಬೇಕು? ಹೊಲದ ಬಟ್ಟೆ ಸಾಕು, ಕೈಯಲ್ಲಿ ಕುಡುಗೋಲು ಇದ್ದರಾಯಿತು. ರೈತನನ್ನು ಯಾರು ತಾನೇ ತಿರುಗಿ ನೋಡುತ್ತಾರೆ? ಆಗಲೂ ಅಷ್ಟೆ, ಈಗಲೂ ಅಷ್ಟೆ.

ಮಿಯೆ ವಿಶ್ವವಿದ್ಯಾಲಯದಲ್ಲಿ ಈಗ ನಿಂಜಾ ವಿಷಯದಲ್ಲಿ ಎಂ.ಎ. ಓದಬಹುದು. 2020ರಲ್ಲಿ ಮೊದಲ ಪದವಿ ಪಡೆದವರಿಗೆ ಆಗ 45 ವರ್ಷ. ನಿಂಜಾಗಳು ಬೆಳಗ್ಗೆ ಬೇಸಾಯ ಮಾಡಿ ಮಧ್ಯಾಹ್ನ ಕಸರತ್ತು ಮಾಡುತ್ತಿದ್ದರಂತೆ ಅಂತ ಓದಿ, ಅವರೂ ತರಕಾರಿ ಬೆಳೆಯಲು ಶುರು ಮಾಡಿದರು. ಇಡೀ ಕಥೆಯಲ್ಲಿ ಕೈಗೆ ಮಣ್ಣು ಮೆತ್ತಿಸಿಕೊಂಡ ಒಬ್ಬರು ಸಿಕ್ಕರಲ್ಲ ಅಂತ ನನಗೆ ಖುಷಿ.

ಇಗಾದಲ್ಲಿ ಹುಟ್ಟಿದ ದೊಡ್ಡ ಮನುಷ್ಯ ಅಂದರೆ ಬಾಶೋ, ಹಾಯ್ಕು ಕವಿ. ಹುಟ್ಟಿದ್ದು 1644ರಲ್ಲಿ. ಪಾಪ, ಅವನನ್ನೂ ಬಿಟ್ಟಿಲ್ಲ. 1689ರಲ್ಲಿ ಅವನು ಸುಮಾರು 2,400 ಕಿ.ಮೀ. ತಿರುಗಾಡಿದ. ಆ ವಯಸ್ಸಿನಲ್ಲಿ ಅಷ್ಟು ಬಿರುಸಾಗಿ ನಡೆದನಲ್ಲ, ಹಾಗಾದರೆ ಅವನು ಗುಟ್ಟಾಗಿ ನಿಂಜಾ ಇರಬೇಕು ಅಂತ ಒಂದು ಗಾಳಿಮಾತು. ಕವಿ ನಡೆದರೆ ಸಂಶಯ! ನಮ್ಮ ಕವಿಗಳ ಮೇಲೆ ಇಂಥ ಅನುಮಾನ ಬರುವ ಸಂಭವವೇ ಇಲ್ಲ, ಸಂಘಟಕರು ಕಾರು ಕಳಿಸದಿದ್ದರೆ ಅವರು ಗೋಷ್ಠಿಗೇ ಬರಲ್ಲ.

ಇನ್ನು ಒಂದು ತಿಜೋರಿ ಪ್ರಸಂಗ. ಇಗಾದಲ್ಲಿ ನಿಂಜಾ ಮ್ಯೂಸಿಯಂ ಇದೆ. ಹಳೆ ರೈತಮನೆಯೊಂದನ್ನು ತಂದು ನಿಲ್ಲಿಸಿದ್ದಾರೆ. ತಿರುಗುವ ಗೋಡೆ, ಗುಟ್ಟಿನ ಬಾಗಿಲು, ನೆಲದ ಹಲಗೆಯಡಿ ಕತ್ತಿ, ಎಲ್ಲ ಇದೆ. 2020ರ ಆಗಸ್ಟಿನ ಒಂದು ರಾತ್ರಿ ಅಲ್ಲಿನ ಕಚೇರಿಗೆ ಕಳ್ಳರು ನುಗ್ಗಿ 150 ಕೆ.ಜಿ. ತೂಕದ ತಿಜೋರಿಯನ್ನೇ ಎತ್ತಿಕೊಂಡು ಹೋದರು. ಒಳಗೆ 10 ಲಕ್ಷ ಯೆನ್‌ಗೂ ಹೆಚ್ಚು ಹಣ. ತಗೊಂಡ ಸಮಯ ಮೂರು ನಿಮಿಷ. ಊರು ಪೂರ್ತಿ ಹುಡುಕುತ್ತಿದ್ದ ನಿಂಜಾಗಳು ಅವತ್ತೊಂದು ರಾತ್ರಿ ತಾವಾಗಿಯೇ ಬಂದಿದ್ದರು. ಅರ್ಜಿಯನ್ನೂ ಹಾಕದೆ.

ಊರುಗಳಿಗೆ ಇಂಥ ವೇಷ ತೊಡಿಸುವ ಗೀಳು ಜಪಾನಿಗೆ ಹೊಸದಲ್ಲ. 1988–89ರಲ್ಲಿ ಅಲ್ಲಿನ ಸರ್ಕಾರ ‘ನಿಮ್ಮ ಊರನ್ನು ನೀವೇ ಉದ್ಧಾರ ಮಾಡಿಕೊಳ್ಳಿ’ ಅಂತ ಪಟ್ಟಣ ಹಳ್ಳಿ ಭೇದವಿಲ್ಲದೆ ತಲಾ 10 ಕೋಟಿ ಯೆನ್ ಹಂಚಿತು. ಅವಾಜಿ ದ್ವೀಪದ ತ್ಸುನಾ ಪಟ್ಟಣ ಆ ದುಡ್ಡಿನ ಆಧಾರದ ಮೇಲೆ 63 ಕೆ.ಜಿ.ಯ ಚಿನ್ನದ ಗಟ್ಟಿ ಎರವಲು ತಂದು ಇಟ್ಟುಕೊಂಡಿತು. ಯಾಕೆ? ಜನ ಬಂದು ಮುಟ್ಟಿ ನೋಡಲಿ ಅಂತ. ಬಂದರು, ಮುಟ್ಟಿದರು, ಹೋದರು. 2010ರಲ್ಲಿ ಗಟ್ಟಿಯನ್ನೂ ವಾಪಸ್ ಕಳಿಸಿದರು. ನಾನು ಇದನ್ನು ಗೇಲಿ ಮಾಡಲ್ಲ. ಇನ್ನೂರು ಪುಟದ ಅಭಿವೃದ್ಧಿ ವರದಿ ಬರೆಸುವುದಕ್ಕಿಂತ ಇದು ವಾಸಿ, ಕೊನೆಗೆ ಚಿನ್ನವಾದರೂ ಹಾಗೇ ಉಳಿಯಿತು.

ನಗು ಬರುವುದು ಇಲ್ಲಿಯವರೆಗೆ. ಅದೇ ಸರ್ಕಾರ 1970ರಿಂದ 2018ರವರೆಗೆ, ಸುಮಾರು ಐದು ದಶಕ, ಭತ್ತ ಕಡಿಮೆ ಬೆಳೆಯಿರಿ ಅಂತ ರೈತರಿಗೆ ಹೇಳುತ್ತಲೇ ಇತ್ತು. ಬೆಳೆಯದಿದ್ದರೆ ದುಡ್ಡೂ ಕೊಟ್ಟಿತು. ರೈತರು ವಿಧೇಯರು, ಬೆಳೆಯುವುದು ಬಿಟ್ಟರು. ಮಕ್ಕಳು ಪೇಟೆ ಸೇರಿದರು. ಬೇಸಾಯವನ್ನೇ ಮುಖ್ಯ ಕಸುಬು ಮಾಡಿಕೊಂಡವರು 2000ದಲ್ಲಿ 24 ಲಕ್ಷ ಇದ್ದರು, 2024ರಲ್ಲಿ 11 ಲಕ್ಷ. ಆಗ ಅವರ ಸರಾಸರಿ ವಯಸ್ಸು 69 ದಾಟಿತ್ತು. ಇಗಾದ ಆ ಹಳೇ ಕಟ್ಟಳೆ ಪತ್ರದ ಪ್ರಕಾರ ಗಂಟೆ ಬಾರಿಸಿದರೆ ಇವರಲ್ಲಿ ಬಹುಪಾಲು ಜನ ಬರಬೇಕಾಗಿಯೇ ಇಲ್ಲ.

2025ರಲ್ಲಿ ಅಕ್ಕಿ ಬೆಲೆ ಒಂದೇ ವರ್ಷದಲ್ಲಿ ಎರಡು ಪಟ್ಟಾಯಿತು. 5 ಕೆ.ಜಿ. ಚೀಲಕ್ಕೆ 4,200 ಯೆನ್ ದಾಟಿತು. ಜನ ಅಂಗಡಿಯಲ್ಲಿ ಬೆಲೆ ಚೀಟಿ ನೋಡಿ ಚೀಲ ಕೆಳಗಿಡುತ್ತಿದ್ದಾಗ, ಅಲ್ಲಿನ ಕೃಷಿ ಮಂತ್ರಿ ತಾಕು ಎತೊ ಪಕ್ಷದ ಕಾರ್ಯಕ್ರಮದಲ್ಲಿ ನಿಂತು, ತಾನು ಅಕ್ಕಿ ಕೊಂಡೇ ಇಲ್ಲ, ಬೆಂಬಲಿಗರು ತಂದುಕೊಡುವುದೇ ಮಾರುವಷ್ಟಿದೆ ಅಂದರು. ಅವರಿಗೂ ಅನ್ನ ಬಟ್ಟಲಲ್ಲಿ ಪ್ರತ್ಯಕ್ಷ. ಮೂರು ದಿನಕ್ಕೆ ರಾಜೀನಾಮೆ ಕೊಟ್ಟು ಹೋದರು. ಸಂತೋಷ. ಆದರೆ ಗದ್ದೆಗೆ ಯಾರು ಹೋದರು? ಐವತ್ತು ವರ್ಷ ಬೆಳೆಯಬೇಡಿ ಅಂದು, ಆಮೇಲೆ ಅಕ್ಕಿ ಎಲ್ಲಿ ಅಂತ ಉಗ್ರಾಣದ ಬಾಗಿಲು ತೆಗೆದು ಹಳೇ ದಾಸ್ತಾನು ಹಂಚಿದರೆ ಅದಕ್ಕೆ ಏನನ್ನಬೇಕು? ನನಗೆ ಇದರಲ್ಲಿ ಜೋಕು ಹುಡುಕಿ ಸುಸ್ತಾಗಿದೆ.

ತೊಕುಶಿಮಾ ಸೀಮೆಯ ಗುಡ್ಡದೊಳಗೆ ನಗೊರೊ ಅಂತ ಒಂದು ಹಳ್ಳಿ ಇದೆ. ಅಲ್ಲಿ ಉಳಿದವರು ಮೂವತ್ತಕ್ಕೂ ಕಮ್ಮಿ. ಸತ್ತವರ, ಊರು ಬಿಟ್ಟವರ ಜಾಗದಲ್ಲಿ ಒಬ್ಬ ಹೆಂಗಸು ಬೆರ್ಚಪ್ಪಗಳನ್ನು ಹೊಲಿದು ಕೂರಿಸುತ್ತ ಬಂದಿದ್ದಾರೆ. ಬಸ್ ಸ್ಟಾಪಿನಲ್ಲಿ ಬೆರ್ಚಪ್ಪ, ಬದುವಿನ ಮೇಲೆ ಬೆರ್ಚಪ್ಪ. ಶಾಲೆ 2012ರಲ್ಲಿ ಮುಚ್ಚಿತು. ಈಗ ಬೆಂಚುಗಳ ಮೇಲೆ ಕೂತಿರುವ ಮಕ್ಕಳೂ ಬಟ್ಟೆ, ಹತ್ತಿ, ಹಳೇ ಪೇಪರಿನವು. ಪ್ರವಾಸಿಗರು ಹೋಗಿ ಜೊತೆಗೆ ನಿಂತು ಫೋಟೊ ತೆಗೆಸಿಕೊಂಡು ಬರುತ್ತಾರೆ.

ಇದನ್ನೆಲ್ಲ ಅಕ್ಕನ ಮಗನಿಗೆ ಹೇಳಿದೆ. ಇಗಾದ ಜನಸಂಖ್ಯೆ 2004ರಲ್ಲಿ ಲಕ್ಷ ಇದ್ದದ್ದು ಈಗ 90 ಸಾವಿರದೊಳಗೆ ಬಂದಿದೆ ಕಣೋ, ಅವರಿಗೆ ಜನ ಬೇಕಿರುವುದು ನಿಜ, ಆದರೆ ನಾಟಿ ಮಾಡೋಕೆ ಅಂದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ‘ಅದಕ್ಕೂ ಡಾಲರಲ್ಲೇ ಕೊಡ್ತಾರಾ ಮಾವ?’

ಬಿಸ್ಕತ್ತಿನ ಮಿಕ್ಕ ಎರಡು ಚೂರು ಇನ್ನೂ ಡಬ್ಬಿಯಲ್ಲಿವೆ. ಇರುವೆ ಕೂಡ ಮುಟ್ಟಿಲ್ಲ. ಸುತ್ತಿಗೆ ಮಾತ್ರ ಚೆನ್ನಾಗಿದೆ, ಟೀಗೆ ಶುಂಠಿ ಜಜ್ಜಲು ನಮ್ಮವಳು ಅದನ್ನೇ ಇಟ್ಟುಕೊಂಡಿದ್ದಾಳೆ.