ಇಮ್ಯುನಿಟಿ ಜಾಸ್ತಿ ಮಾಡಿಕೊಂಡರೆ ಎಚ್. ಪೈಲೋರಿ ಹೋಗಲ್ಲ

ತಲೆ ಕೆಟ್ಟುಹೋಗಿದೆ. ಚಿಕ್ಕಮ್ಮನ ಹೊಟ್ಟೆಯಲ್ಲಿ ಎಚ್. ಪೈಲೋರಿ ಬ್ಯಾಕ್ಟೀರಿಯಾ ಸಿಕ್ಕಿದೆ. ಪಾಪ, ಅದನ್ನು ಮನೆಯವರ ವಾಟ್ಸಾಪ್ ಗ್ರೂಪಿನಲ್ಲಿ ಹಾಕಿದರು. ತಕ್ಷಣ ಬಂದ ಸಲಹೆ: "ಆಂಟಿಬಯೋಟಿಕ್ ಎಲ್ಲ ಬೇಡ, ಇಮ್ಯುನಿಟಿ ಜಾಸ್ತಿ ಮಾಡಿಕೊಳ್ಳಿ, ತಾನಾಗೇ ಹೋಗುತ್ತೆ."

ಹೋಗಲ್ಲ ಕಣ್ರೀ! ಔಷಧಿ ಕೊಡದಿದ್ದರೆ ಅದು ಸಾಮಾನ್ಯವಾಗಿ ಜೀವನಪೂರ್ತಿ ಅಲ್ಲೇ ಇರುತ್ತದೆ. ಅಮೋನಿಯಾ ತಯಾರಿಸಿ ಸುತ್ತಲಿನ ಆಮ್ಲದ ಶಕ್ತಿ ಕುಗ್ಗಿಸುತ್ತದೆ, ಲೋಳೆಯ ಪದರದೊಳಗೆ ಸೇರಿಕೊಳ್ಳುತ್ತದೆ. ದೇಹವೇನೂ ಸುಮ್ನೆ ಕೂತಿರುವುದಿಲ್ಲ. ಬಿಳಿ ರಕ್ತಕಣಗಳು ಬರುತ್ತವೆ, ಆಂಟಿಬಾಡಿ ತಯಾರಾಗುತ್ತದೆ. ಆದರೆ ಬೇರೆ ಬ್ಯಾಕ್ಟೀರಿಯಾಗಳನ್ನು ಬಾಲದಿಂದ ಗುರುತಿಸುವ ನಮ್ಮ ಕಾವಲು ವ್ಯವಸ್ಥೆಗೆ ಇದರ ಬಾಲ ಸರಿಯಾಗಿ ಗೊತ್ತೇ ಆಗುವುದಿಲ್ಲ. ಇದರ ವ್ಯಾಕ್‌ಎ ಅನ್ನೋ ವಿಷ ಟಿ ಕೋಶಗಳು ಅನ್ನೋ ರಕ್ಷಣಾ ಕೋಶಗಳು ಹೆಚ್ಚದಂತೆ ತಡೆಯುತ್ತದೆ. ಹೋರಾಟ ಗೆಲ್ಲುವುದೂ ಇಲ್ಲ, ನಿಲ್ಲುವುದೂ ಇಲ್ಲ.

ಆ ಮುಗಿಯದ ಹೋರಾಟದ ಉರಿಯೂತವೇ ಹೊಟ್ಟೆಯ ಒಳಪದರವನ್ನು ಹಾಳು ಮಾಡುವುದು. ವರ್ಷಗಟ್ಟಲೆ ಹೀಗೇ ನಡೆದರೆ ಆಮ್ಲದ ಗ್ರಂಥಿಗಳು ಸವೆಯುತ್ತವೆ, ಆ ಜಾಗದಲ್ಲಿ ಕರುಳಿನಂಥ ಕೋಶಗಳು ಬೆಳೆಯುತ್ತವೆ, ಕೆಲವರಲ್ಲಿ ಅದು ಕ್ಯಾನ್ಸರ್‌ವರೆಗೂ ಹೋಗುತ್ತದೆ. ಕೆಲವು ತಳಿಗಳು ಕ್ಯಾಗ್‌ಎ ಅನ್ನೋ ಪ್ರೋಟೀನನ್ನು ನೇರ ನಮ್ಮ ಕೋಶದೊಳಗೇ ಚುಚ್ಚುತ್ತವೆ. ಅವುಗಳಿಂದ ಅಪಾಯ ಇನ್ನೂ ಜಾಸ್ತಿ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಇದನ್ನು ಕ್ಯಾನ್ಸರ್ ತರುವ ಮೊದಲ ಗುಂಪಿಗೆ ಸೇರಿಸಿದ್ದು 1994ರಲ್ಲೇ. ಹೀಗಿರುವಾಗ ಇಮ್ಯುನಿಟಿ ಜಾಸ್ತಿ ಮಾಡಿ ಅಂದರೆ ಏನರ್ಥ? ಮಾಲ್ಟ್ ಲಿಂಫೋಮಾ ಅನ್ನೋ ಹೊಟ್ಟೆಯ ಇನ್ನೊಂದು ಬಗೆಯ ಕ್ಯಾನ್ಸರ್‌ನಲ್ಲಂತೂ ಈ ಬ್ಯಾಕ್ಟೀರಿಯಾದ ವಿರುದ್ಧ ಬಂದು ಸೇರಿದ ರಕ್ಷಣಾ ಕೋಶಗಳೇ ಗೆಡ್ಡೆಯಾಗುತ್ತವೆ. ಆರಂಭದಲ್ಲೇ ಸಿಕ್ಕಿ ಆಂಟಿಬಯೋಟಿಕ್ ಕೊಟ್ಟರೆ ಹೆಚ್ಚಿನವರಲ್ಲಿ ಆ ಗೆಡ್ಡೆ ಕರಗುತ್ತದೆ! ಇದನ್ನು ಮೊದಲು ಓದಿದ ದಿನ ನನಗೆ ಎಷ್ಟು ಖುಷಿಯಾಗಿತ್ತು ಗೊತ್ತಾ?

"ಸೋಂಕು ಇರುವ ಎಲ್ಲರಿಗೂ ಕ್ಯಾನ್ಸರ್ ಬರುತ್ತಾ?" ಅಂತ ಗ್ರೂಪಿನಲ್ಲಿ ಕೇಳಿದರು. ಇಲ್ಲ, ಬಹುತೇಕರಿಗೆ ಬರುವುದಿಲ್ಲ. ಆದರೆ ಬರುವವರು ಯಾರು ಅಂತ ಮುಂಚೆಯೇ ಹೇಳೋಕೆ ಆಗುತ್ತಾ? ಮನೆಯಲ್ಲಿ ಅಪ್ಪ, ಅಮ್ಮ, ಒಡಹುಟ್ಟಿದವರಿಗೆ ಹೊಟ್ಟೆಯ ಕ್ಯಾನ್ಸರ್ ಆಗಿದ್ದರೆ ಅಪಾಯ ಹೆಚ್ಚು. ನಮ್ಮಜ್ಜಿ ಹೋಗಿದ್ದೂ ಅದರಿಂದಲೇ. ಚಿಕ್ಕಮ್ಮ ಅವರ ಮಗಳು. ಆ ಸಲಹೆ ನೋಡಿ ಕೈ ನಡುಗಿದ್ದು ಅದಕ್ಕೇ.

ಚಿಕ್ಕಮ್ಮನಿಗೆ ಫೋನ್ ಮಾಡಿದ್ದೇನೆ. ಡಾಕ್ಟರ್ ಬರೆದ ಕೋರ್ಸ್ ಪೂರ್ತಿ ಮುಗಿಸಬೇಕು, ಬಾಯಿ ಕಹಿಯಾಯಿತು ಅಂತ ಮಧ್ಯದಲ್ಲಿ ಬಿಡಬಾರದು. ಮುಗಿದು ಕನಿಷ್ಠ 4 ವಾರ ಆದ ಮೇಲೆ, ಬ್ಯಾಕ್ಟೀರಿಯಾ ಹೋಗಿದೆಯಾ ಅಂತ ನೋಡಲು ಉಸಿರಿನ ಪರೀಕ್ಷೆ. ಅದಕ್ಕೆ 2 ವಾರ ಮೊದಲೇ ಆಸಿಡಿಟಿ ಮಾತ್ರೆ ನಿಲ್ಲಿಸೋದನ್ನು ಡಾಕ್ಟರ್ ಹತ್ತಿರ ಕೇಳಿಕೊಳ್ಳಿ ಅಂತಲೂ ಹೇಳಿದ್ದೇನೆ. ಪರೀಕ್ಷೆಗೆ ನಾನೇ ಕರೆದುಕೊಂಡು ಹೋಗುತ್ತೇನೆ.