ದಂಡೆಯ ಮೇಲೆ ನಿಂತವನು

ಅಣ್ಣನ ಮಗ ಬೆಂಗಳೂರಿನಿಂದ ಬರುವಾಗ ರಬ್ಬರ್ ಹುಳಗಳ ಪೊಟ್ಟಣ ತಂದು ಚಹಾ ಟೇಬಲ್ ಮೇಲೆ ಇಟ್ಟಿದ್ದ. ಬಾಸ್ ಮೀನು ಹಿಡಿಯುವ ಹುಳ. ಅದಕ್ಕೆ ಬಡೇಸೋಪಿನ ವಾಸನೆ ಬೇರೆ. ಊಟ ಮುಗಿಸಿ ಬಂದ ಪಕ್ಕದ ಮನೆ ಕಾಕಾ ಪೊಟ್ಟಣಕ್ಕೆ ಕೈ ಹಾಕಿಯೇ ಬಿಟ್ಟಿದ್ದರು.

ಬಾಸ್ ಅಮೆರಿಕದ ಮೀನು. ನಮ್ಮ ಬೀದರ್ ಕಡೆ ಕಾರಂಜಾ ಹಿನ್ನೀರಿನಲ್ಲಿ ಎಲ್ಲಿಂದ ಬರಬೇಕು? ಆದರೂ ಹುಡುಗ ಹಗಲೂ ರಾತ್ರಿ ನೋಡುವುದು ಬಾಸ್ ವಿಡಿಯೋನೇ. ನಾನೂ ನೋಡಿದೆ. ಹುಳ ಚುಚ್ಚುವುದಕ್ಕೇ ಒಂದು ಶಾಸ್ತ್ರ ಇದೆ. ಟೆಕ್ಸಸ್ ರಿಗ್ ಅನ್ನುವ ಪದ್ಧತಿಯಾದರೆ ಗಾಳದ ಮೊನೆ ಹುಳದ ಮೈಯೊಳಗೇ ಅಡಗಿರಬೇಕು, ಇಲ್ಲದಿದ್ದರೆ ಕಳೆಗೆ ಸಿಕ್ಕಿಕೊಳ್ಳುತ್ತದೆ. ವ್ಯಾಕಿ ರಿಗ್ ಆದರೆ ನಟ್ಟನಡುವೆ ಚುಚ್ಚಿ, ಎರಡೂ ತುದಿ ತಾವೇ ಅಲ್ಲಾಡುತ್ತ ಮುಳುಗಲಿ ಅಂತ ಬಿಡಬೇಕು. ನೀರು ತಣ್ಣಗಿದ್ದರೆ ಇನ್ನೂ ನಿಧಾನ. ತೇಲುವ ರಬ್ಬರ್ ಕಪ್ಪೆಯಾದರೆ, ಅದು ಬಿದ್ದಾಗ ಎದ್ದ ಉಂಗುರಗಳು ಪೂರ್ತಿ ಕರಗುವ ತನಕ ಕೈ ಅಲ್ಲಾಡಿಸುವ ಹಾಗಿಲ್ಲ. ಎಲ್ಲರೂ ಸುತ್ತಿ ಬಳಸಿ ಹೇಳುವುದು ಒಂದೇ: ಸುಮ್ನೆ ಬಿಡು. ಇದರಲ್ಲಿ ಮೀನಿನಾಚೆಗೂ ಏನೋ ದೊಡ್ಡ ಮಾತಿದೆ ಅನ್ನಿಸಿ, ಅದನ್ನು ಬರೆಯಲೆಂದೇ ಕೂತೆ. ಆದರೆ ಮೊದಲು ದಂಡೆಯ ಮೇಲೆ ನಿಂತವನ ವಿಷಯ ಮುಗಿಸಿಬಿಡುತ್ತೇನೆ.

ಅವನು ಎಲ್ಲ ಕಡೆ ಇರುತ್ತಾನೆ. ನೀವು ಕಾರು ರಿವರ್ಸ್ ತೆಗೆಯುವಾಗ "ಬರ್ಲಿ ಬರ್ಲಿ" ಅಂತ ಕೈ ಬೀಸಿ, ಹಿಂದಿನ ಗೋಡೆಗೆ ತಾಗಿದ ಮೇಲೆ "ಬಸ್" ಅನ್ನುವವನು. ಮನೆ ಕಟ್ಟುವಾಗ ಸ್ಲ್ಯಾಬ್ ಬಿದ್ದ ಮರುದಿನ ಬಂದು "ಮೆಟ್ಟಿಲು ಆ ಕಡೆ ಇಡ್ಬೇಕಿತ್ರಿ" ಅನ್ನುವವನೂ ಅವನೇ. ಹುಡುಗನೂ ನಾನೂ ಕಾರಂಜಾದಲ್ಲಿ ಮುರ್ರೆಲ್‌ಗೆ, ಅಂದರೆ ಹಾವಿನಂಥ ತಲೆಯ ನಮ್ಮ ಕಡೆಯ ಮೀನಿಗೆ, ಗಾಳ ಹಾಕಿ ನಿಂತಿದ್ದಾಗ ಬೈಕು ನಿಲ್ಲಿಸಿ, ಅಂಗೈಯಲ್ಲಿ ತಂಬಾಕು ತಿಕ್ಕುತ್ತ ಬಂದ.

"ಏನ್ ಹಿಡಿಲಾಕತ್ತೀರಿ?"

"ಮುರ್ರೆಲ್ ರೀ."

"ಇಲ್ಲಿ ಎಲ್ಲವ ರೀ ಈಗ? ಮೊದಲ ಭಾಳ ಇದ್ದವು."

ಆಮೇಲೆ ರೀಲಿನ ರೇಟು ಕೇಳಿದ. ಹೇಳಿದೆವು. ನಗುತ್ತ ಯಾರಿಗೋ ಫೋನ್ ಮಾಡಿ ಆ ರೇಟು ಹೇಳಿದ. ಜೋಳದ ಹಿಟ್ಟು ಹಚ್ಚಿ ಅಂದ. "ಜರಾ ಜಗ್ಗ್ರಿ, ಹಂಗೇ ಬಿಟ್ರ ಹೆಂಗ?" ಅಂದ. ಅವನಿಗೆ ನಮ್ಮ ಮೇಲೆ ಸಿಟ್ಟೇನಿಲ್ಲ, ಪ್ರೀತಿಯೇ. ಆ ಪ್ರೀತಿಯೇ ನನಗೆ ಸಾಕಾಗಿಹೋಗಿದೆ. ಅಷ್ಟರಲ್ಲಿ ಜೊಂಡಿನ ಪಕ್ಕ ಮುರ್ರೆಲ್ ಒಂದು ಉಸಿರಿಗೆಂದು ಮೇಲೆ ಬಂದು ಗುಳುಕ್ ಅಂತ ಮುಳುಗಿತು. ಹುಡುಗ ಕಪ್ಪೆಯನ್ನು ಅದರಿಂದ ಗೇಣು ದೂರದಲ್ಲಿ ಇಳಿಸಿದ. ಚೆಂದದ ಎಸೆತ. ಉಂಗುರಗಳು ಹಬ್ಬಿದವು, ತೆಳ್ಳಗಾದವು, ನೀರು ಸಮ ಆಯಿತು. ಹುಡುಗ ಉಸಿರು ಬಿಗಿಹಿಡಿದು ನಿಂತಿದ್ದ. ಆಗ ನಮ್ಮ ಹಿತೈಷಿ "ಅಲ್ಲದ ನೋಡ್ರಿ, ಅಲ್ಲಿ!" ಅಂತ ಜಾಗ ತೋರಿಸಲು ಒಂದು ಕಲ್ಲು ಎಸೆದ. ಗುರಿ ಮಾತ್ರ ಭೇಷಾಗಿತ್ತು, ಸರಿಯಾಗಿ ಮೀನಿನ ತಲೆಯ ಮೇಲೆ.

ಹುಡುಗನಿಗೆ ದಾಖಲೆಗಳ ಹುಚ್ಚು. 1932ರಲ್ಲಿ ಅಮೆರಿಕದ ಜಾರ್ಜಿಯಾದ ಜಾರ್ಜ್ ಪೆರ‍್ರಿ ಹಿಡಿದ ಬಾಸ್ 22 ಪೌಂಡ್ 4 ಔನ್ಸ್ ತೂಗಿತ್ತು, ಅಂದರೆ ಹತ್ತು ಕಿಲೋ. 2009ರಲ್ಲಿ ಜಪಾನಿನ ಬಿವಾ ಸರೋವರದಲ್ಲಿ ಮನಾಬು ಕುರಿತಾ ಅದಕ್ಕೆ ಸರಿಸಮ ಹಿಡಿದ. ಹಿಡಿದದ್ದು ಜೀವಂತ ಮೀನು ಕಟ್ಟಿ! ಹಾಗಾದರೆ ಈ ಬಡೇಸೋಪಿನ ಹುಳಕ್ಕೆ ಯಾಕಪ್ಪ ದುಡ್ಡು ಸುರಿದೆ ಅಂದರೆ ಹುಡುಗ ಉತ್ತರ ಕೊಡುವುದಿಲ್ಲ. ಪೆರ‍್ರಿ ದೋಣಿಯಲ್ಲಿದ್ದ, ಜೊತೆಗೆ ಒಬ್ಬನೇ ಗೆಳೆಯ, ಗುಟ್ಟು ಅಲ್ಲೇ ಇದೆ ಅನ್ನುತ್ತಾನೆ. ದೋಣಿಗೆ ದಂಡೆಯವರು ಬರುವುದಿಲ್ಲ, ಅಲ್ವಾ?

ಇದನ್ನು ಹುಡುಗ ಸ್ವಲ್ಪ ಜೋರಾಗಿಯೇ ಹೇಳಿದ್ದ. ತಂಬಾಕಿನವನು ಕೇಳಿಸಿಕೊಂಡ.

"ತೆಪ್ಪ ಬೇಕೇನ್ರಿ? ನಮ್ಮ ಮಾವಂದು ಅದ, ತರಸ್ತೀನಿ ತಡೀರಿ. ನಾನೂ ಬರ್ತೀನಿ, ಜಾಗ ತೋರಸ್ಲಾಕ."